ಖಾಲಿ ಪಿಕಪ್, ತುಂಬಿದ ಪಿಕಪ್: ಮನೆಯ ಹುಡುಗರಿಗೆ ಗಾಡಿ ಕಲಿಸುವ ಬಗೆ

ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ಭತ್ತದ ಊರುಗಳಲ್ಲಿ ಹುಡುಗರು ನಾಲ್ಕು ಗಾಲಿಯ ಗಾಡಿಯನ್ನು ಕಲಿಯುವುದು ಹೆಚ್ಚಾಗಿ ಮನೆಯ ಮುಂದೆ ನಿಂತಿರುವ ಪಿಕಪ್ಪಿನಲ್ಲಿಯೇ. ಬೀಜ, ಗೊಬ್ಬರ ತರುವುದಕ್ಕೂ ಅದೇ ಗಾಡಿ, ಭತ್ತದ ಚೀಲಗಳನ್ನು ಮಿಲ್ಲಿಗೆ ಸಾಗಿಸುವುದಕ್ಕೂ ಅದೇ ಗಾಡಿ, ಎಮ್ಮೆಗಳಿಗೆ ಹುಲ್ಲು ಹೇರುವುದಕ್ಕೂ ಅದೇ. ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ ಪರೀಕ್ಷೆಗೆ ಬೇಕಾದಷ್ಟನ್ನು ಕಲಿತು ಬಂದ ಹುಡುಗನ ಕೈಗೂ ಮರುದಿನ ಸಿಗುವುದು ಪಿಕಪ್ಪಿನ ಕೀಲಿಯೇ. ಈ ಗಾಡಿಯನ್ನು ಕಲಿಸುವವರೂ ಕಲಿಯುವವರೂ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಒಂದಿದೆ: ಇದು ನೋಡಲು ಒಂದೇ ಗಾಡಿಯಾದರೂ ಓಡಿಸಲು ಎರಡು ಗಾಡಿ. ಖಾಲಿ ಇದ್ದಾಗ ಇದರ ತೂಕ ಹೆಚ್ಚುಕಡಿಮೆ ಒಂದೂಮುಕ್ಕಾಲು ಟನ್. ಇಪ್ಪತ್ತು ಚೀಲ ಭತ್ತ ಹೇರಿದರೆ, ನಮ್ಮ ಕಡೆಯ ಚೀಲ 75 ಕೆಜಿಯದಾದ್ದರಿಂದ, ಅದರ ಮೇಲೆ 1,500 ಕೆಜಿ ಬೀಳುತ್ತದೆ. ಅಂದರೆ ಅದೇ ಸ್ಟೇರಿಂಗು, ಅದೇ ಬ್ರೇಕು, ಅದೇ ನಾಲ್ಕು ಟೈರುಗಳು ಹೆಚ್ಚುಕಡಿಮೆ ಎರಡರಷ್ಟು ತೂಕವನ್ನು ನಿಭಾಯಿಸಬೇಕು. ಖಾಲಿ ಗಾಡಿಯಲ್ಲಿ ಪಳಗಿದ ಹುಡುಗನಿಗೆ ತುಂಬಿದ ಗಾಡಿ ಗೊತ್ತಿರುವುದಿಲ್ಲ. ತುಂಬಿದ ಗಾಡಿಗೆ ಒಗ್ಗಿದವನು ಖಾಲಿ ಗಾಡಿಯನ್ನು ಹಗುರವಾಗಿ ಕಾಣುತ್ತಾನೆ. ಎರಡೂ ಅಪಾಯಕ್ಕೆ ದಾರಿ.

ನಾನು ನನ್ನ ತಮ್ಮನಿಗೂ ಅಕ್ಕನ ಮಗನಿಗೂ ಪಿಕಪ್ಪನ್ನು ಕಲಿಸಿದ್ದೇನೆ. ತಮ್ಮನಿಗೆ ಕಲಿಸುವಾಗ ಮಾಡಿದ ತಪ್ಪುಗಳನ್ನು ಅಳಿಯನಿಗೆ ಕಲಿಸುವಾಗ ತಿದ್ದಿಕೊಂಡೆ. ಆ ಎರಡು ಕಲಿಕೆಗಳಿಂದ ತಿಳಿದುಬಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕೀಲಿ ಕೊಡುವ ಮೊದಲು

ಹೊಲದ ಕೆಲಸ ಬೇಗ ಆಗಲೆಂದು ಹದಿನೈದು, ಹದಿನಾರರ ಹುಡುಗರ ಕೈಗೆ ಗಾಡಿ ಕೊಡುವುದು ನಮ್ಮ ಊರುಗಳಲ್ಲಿ ದಿನವೂ ಕಾಣುವ ಸಂಗತಿ. ಇದನ್ನು ಸಲುಗೆಯೆಂದೋ ಅಭಿಮಾನವೆಂದೋ ಭಾವಿಸುವ ಹಿರಿಯರು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮನ್ನು ಒಮ್ಮೆ ಓದಿಸಿಕೊಂಡು ಕೇಳಬೇಕು. ಹದಿನೆಂಟು ತುಂಬದವನು ವಾಹನ ಓಡಿಸಿ ಅಪರಾಧವೆಸಗಿದರೆ ಶಿಕ್ಷೆ ಅವನ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ: ಮೂರು ವರ್ಷದ ವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಗಾಡಿಯ ದುಡಿಮೆಯನ್ನೇ ನಂಬಿದ ಮನೆಗೆ ಈ ಹನ್ನೆರಡು ತಿಂಗಳು ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಳದಿ ಫಲಕದ ಪಿಕಪ್ ಸಾರಿಗೆ ವಾಹನ. ಕಾಯ್ದೆಯ 4ನೆಯ ಕಲಮು ಸಾರಿಗೆ ವಾಹನ ಓಡಿಸುವವನಿಗೆ 20 ವರ್ಷವಾಗಿರಬೇಕು ಎನ್ನುತ್ತದೆ. ಒಟ್ಟು ತೂಕ 7,500 ಕೆಜಿ ಮೀರದ ವಾಹನವನ್ನು ಹಗುರ ಮೋಟಾರು ವಾಹನದ ಲೈಸೆನ್ಸಿನಲ್ಲಿಯೇ ಓಡಿಸಬಹುದು, ಸಾರಿಗೆ ವಾಹನವೆಂದು ಬೇರೆ ಮುದ್ರೆ ಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ನಮ್ಮ ಮನೆಯಲ್ಲಿ ಮಾತ್ರ ಹದಿನೆಂಟಕ್ಕೆ ಕಲಿಕೆ, ಇಪ್ಪತ್ತು ತುಂಬಿದ ಮೇಲೆ ಬಾಡಿಗೆ ಎಂಬ ನಿಯಮವನ್ನು ಇಟ್ಟುಕೊಂಡಿದ್ದೇವೆ. ಕಾನೂನಿನ ವಾದ ಏನೇ ಇರಲಿ, ಹದಿನೆಂಟರ ಹುಡುಗನಿಗೆ ಬಾಡಿಗೆಯ ಅವಸರವನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ ಎಂಬುದು ನನ್ನ ಅನುಭವ.

ಕಲಿಕೆಯ ಲೈಸೆನ್ಸಿನ ಅವಧಿ ಆರು ತಿಂಗಳು. ಅದು ದೊರೆತು ಮೂವತ್ತು ದಿನ ಕಳೆದ ಮೇಲಷ್ಟೇ ಕಾಯಂ ಲೈಸೆನ್ಸಿನ ಪರೀಕ್ಷೆ. ಆ ಅವಧಿಯಲ್ಲಿ ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಮೇಲೆ ಕೆಂಪು ಬಣ್ಣದ 'ಎಲ್' ಫಲಕ ಇರಬೇಕು ಮತ್ತು ಲೈಸೆನ್ಸ್ ಇರುವವರೊಬ್ಬರು, ಬೇಕೆಂದಾಗ ಗಾಡಿಯನ್ನು ನಿಲ್ಲಿಸಬಲ್ಲಂತೆ, ಪಕ್ಕದಲ್ಲಿ ಕುಳಿತಿರಬೇಕು. ಪಿಕಪ್ಪಿನಲ್ಲಿ ಡ್ರೈವಿಂಗ್ ಸ್ಕೂಲಿನ ಕಾರಿನಂತೆ ಎರಡನೆಯ ಬ್ರೇಕ್ ಪೆಡಲ್ ಇರುವುದಿಲ್ಲವಾದ್ದರಿಂದ ಕಲಿಸುವವರ ಕೈಗೆ ಸಿಗುವುದು ಹ್ಯಾಂಡ್ ಬ್ರೇಕ್ ಒಂದೇ. ಅದು ಎಲ್ಲಿದೆ, ಎಷ್ಟು ಎಳೆದರೆ ಹಿಡಿಯುತ್ತದೆ ಎಂಬುದನ್ನು ಕಲಿಸುವವರು ತಮ್ಮ ಕೈಯಲ್ಲೇ ಎಳೆದು ನೋಡಿಕೊಂಡಿರಬೇಕು. ಕೆಲವು ಗಾಡಿಗಳಲ್ಲಿ ಅದು ಪಕ್ಕದಲ್ಲಿ ಕುಳಿತವರ ಕೈಗೆ ಎಟುಕುವುದೇ ಇಲ್ಲ. ಅಂಥ ಗಾಡಿಯನ್ನು ಮೊದಲ ವಾರಗಳಲ್ಲಿ ರಸ್ತೆಗೆ ತರದೆ ಹೊಲದಲ್ಲಿಯೇ ಕಲಿಸುವುದು ಒಳ್ಳೆಯದು.

ವಿಮೆಯ ಕಾಗದದಲ್ಲಿ ಬಹಳ ಜನ ಓದದ ಒಂದು ಸಾಲಿದೆ. ಸರಕು ವಾಹನದ ಪಾಲಿಸಿಯಲ್ಲಿ ಚಾಲಕನ ಬಗೆಗಿನ ಷರತ್ತಿನ ಪ್ರಕಾರ ಕಲಿಕೆಯ ಲೈಸೆನ್ಸ್ ಉಳ್ಳವನು ಗಾಡಿಯನ್ನು ಓಡಿಸಬಹುದು, ಆದರೆ ಅಪಘಾತದ ಹೊತ್ತಿನಲ್ಲಿ ಗಾಡಿ ಸರಕು ಸಾಗಿಸುತ್ತಿರಬಾರದು. ಹೀಗಾಗಿ 'ಎಲ್' ಫಲಕ ಇರುವಷ್ಟು ದಿನ ಹುಡುಗ ಕಲಿಯುವುದು ಖಾಲಿ ಗಾಡಿಯನ್ನು ಮಾತ್ರ. ಲೈಸೆನ್ಸ್ ಕೈಗೆ ಬಂದ ದಿನ ಊರಿಗೆಲ್ಲ ಪೇಡೆ ಹಂಚುತ್ತಾರೆ, ಕಲಿಕೆ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಪಿಕಪ್ಪಿನ ಮಟ್ಟಿಗೆ ಹೇಳುವುದಾದರೆ ಅಂದಿಗೆ ಅರ್ಧ ಕಲಿಕೆ ಮುಗಿದಿರುತ್ತದೆ, ಕಷ್ಟದ ಅರ್ಧ ಮರುದಿನ ಶುರುವಾಗುತ್ತದೆ.

ಕೊಯ್ಲಾದ ಹೊಲದಲ್ಲಿ ಮೊದಲ ದಿನಗಳು

ಭತ್ತ ಕೊಯ್ದು, ಹುಲ್ಲು ಕಟ್ಟಿ, ನೆಲ ಚೆನ್ನಾಗಿ ಒಣಗಿದ ಹೊಲವೇ ನಮ್ಮ ಕಡೆಯ ಕಲಿಕೆಗೆ ಅತ್ಯುತ್ತಮ ಜಾಗ. ಬದುಗಳಿಲ್ಲದ ದೊಡ್ಡ ಮಡಿಯನ್ನು ಆರಿಸಿಕೊಳ್ಳಬೇಕು. ಹಸಿ ಇರುವ ಎರೆ ನೆಲದಲ್ಲಿ ಗಾಲಿ ಹೂತರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ, ಆದ್ದರಿಂದ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ ನೋಡಿ ಇಳಿಯುವುದು ಲೇಸು.

ಎಂಜಿನ್ ಶುರು ಮಾಡುವ ಮೊದಲು ಹುಡುಗನನ್ನು ಗಾಡಿಯ ಸುತ್ತ ಒಂದು ಸುತ್ತು ನಡೆಸಿರಿ. ಟೈರು, ಕೆಳಗೆ ಎಣ್ಣೆ ಸೋರಿದ ಗುರುತು, ಗಾಡಿಯ ನೆರಳಿನಲ್ಲಿ ಮಲಗಿದ ನಾಯಿ ಅಥವಾ ಆಡುವ ಮಗು, ಇವನ್ನೆಲ್ಲ ನೋಡುವುದು ಕಣ್ಣಿಗೆ ರೂಢಿಯಾಗಬೇಕು. ಆಮೇಲೆ ಆಸನ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಬೆನ್ನು ಆಸನಕ್ಕೆ ಒರಗಿರಬೇಕು. ಎಳೆಯ ಹುಡುಗರು ಬಾನೆಟ್ಟಿನ ತುದಿ ಕಾಣಲೆಂದು ಮುಂದಕ್ಕೆ ಬಾಗಿ ಸ್ಟೇರಿಂಗಿಗೆ ಎದೆಯೊತ್ತಿ ಕೂರುತ್ತಾರೆ. ಬಾನೆಟ್ಟಿನ ತುದಿಯನ್ನು ನೋಡಿ ಗಾಡಿ ಓಡಿಸುವುದಿಲ್ಲ, ಹೋಗಬೇಕಾದ ದಾರಿಯನ್ನು ನೋಡಿ ಓಡಿಸುತ್ತೇವೆ ಎಂಬುದನ್ನು ಮೊದಲೇ ತಿಳಿಸಬೇಕು. ಸೀಟ್ ಬೆಲ್ಟನ್ನು ಹೊಲದಲ್ಲಿಯೂ ಹಾಕಿಸಿರಿ. ಹೊಲದಲ್ಲಿ ಅದು ಬೇಕೆಂದಲ್ಲ. ಕೀಲಿ ತಿರುಗಿಸುವ ಮೊದಲು ಕೈ ತಾನಾಗಿ ಬೆಲ್ಟಿನತ್ತ ಹೋಗಬೇಕೆಂದು.

ಮೊದಲ ದಿನ ಎಕ್ಸಲರೇಟರನ್ನು ಮುಟ್ಟಲು ಬಿಡಬೇಡಿ. ಡೀಸೆಲ್ ಎಂಜಿನ್ನಿಗೆ ಕಡಿಮೆ ವೇಗದಲ್ಲಿಯೇ ಎಳೆಯುವ ಬಲ ಸಾಕಷ್ಟು ಇರುವುದರಿಂದ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೆ ಗಾಡಿ ರೇಸ್ ಕೊಡದೆಯೇ ಹೊರಡುತ್ತದೆ. ಅಳಿಯನಿಗೆ ನಾನು ಹೇಳಿದ್ದು ಇಷ್ಟೇ: ಕ್ಲಚ್ಚಿನ ಮೇಲಿನ ಕಾಲನ್ನು ಒಂದೊಂದು ಕೂದಲಿನಷ್ಟು ಎತ್ತು, ಎಂಜಿನ್ನಿನ ಸದ್ದು ತುಸು ಇಳಿಯುತ್ತದೆ, ಆಸನದ ಕೆಳಗೆ ಸಣ್ಣ ನಡುಕ ಬರುತ್ತದೆ, ಅಲ್ಲಿ ಕಾಲನ್ನು ಹಾಗೆಯೇ ಹಿಡಿ. ಮೊದಲ ಏಳೆಂಟು ಸಲ ಗಾಡಿ ಕುಪ್ಪಳಿಸಿ ನಿಂತಿತು. ಒಂಬತ್ತನೆಯದೋ ಹತ್ತನೆಯದೋ ಸಲ ಆ ನಡುಕ ಅವನ ಪಾದಕ್ಕೆ ಸಿಕ್ಕಿತು, ಗಾಡಿ ಎತ್ತಿನ ಬಂಡಿಯಂತೆ ತಣ್ಣಗೆ ಹೊರಟಿತು. ಆ ದಿನ ಒಂದು ತಾಸು ಅದನ್ನೇ ಮಾಡಿಸಿದೆ, ಬೇರೇನನ್ನೂ ಕಲಿಸಲಿಲ್ಲ. ಕ್ಲಚ್ಚಿನ ಹಿಡಿತ ಪಾದಕ್ಕೆ ತಿಳಿದ ಮೇಲೆ ಉಳಿದುದೆಲ್ಲ ಬೇಗ ಬರುತ್ತದೆ. ಗೇರು ಬದಲಿಸಿದ ಮೇಲೆ ಎಡಗಾಲನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸುವ ಚಾಳಿಯನ್ನು ಮಾತ್ರ ಆಗಲೇ ಬಿಡಿಸಬೇಕು. ಹಗುರವಾಗಿ ಇಟ್ಟ ಕಾಲೂ ಕ್ಲಚ್ ಪ್ಲೇಟನ್ನು ಸವೆಸುತ್ತದೆ, ಹೇರು ಹೊತ್ತ ಗಾಡಿಯಲ್ಲಂತೂ ಬಹಳ ಬೇಗ.

ಗಾಡಿಯ ಉದ್ದ ಮತ್ತು ಹಿಂದಕ್ಕೆ ತೆಗೆಯುವುದು

ಪಿಕಪ್ಪಿನ ಉದ್ದ ಐದು ಮೀಟರಿನ ಆಸುಪಾಸು, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಮೂರು ಮೀಟರಿಗೂ ಹೆಚ್ಚು ಅಂತರ. ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನ ಗಾಲಿಯ ಹಾದಿಯಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಓಣಿಯ ಮೂಲೆಯ ಕಟ್ಟೆಗಳಿಗೆ ಹಿಂಗಾಲಿ ಉಜ್ಜುವುದು ಇದರಿಂದಲೇ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಹೊಲದಲ್ಲಿ ತೋರಿಸುವುದು ಸುಲಭ: ಮೆತ್ತನೆಯ ಮಣ್ಣಿನ ಮೇಲೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿಸಿ, ಕೆಳಗಿಳಿಸಿ, ಗಾಲಿಯ ಗುರುತುಗಳನ್ನು ನೋಡಲು ಹೇಳಿರಿ. ಹೊರಗಿನ ವೃತ್ತ ಮುಂದಿನ ಗಾಲಿಯದು, ಒಳಗಿನದು ಹಿಂದಿನದು. ನಡುವಿನ ಅಂತರವನ್ನು ಅವನೇ ಹೆಜ್ಜೆಯಿಂದ ಅಳೆಯಲಿ. ಓಣಿಯ ಮೂಲೆಯಲ್ಲಿ ಎಷ್ಟು ಮುಂದೆ ಹೋಗಿ ತಿರುಗಿಸಬೇಕು ಎಂಬುದು ಆ ಹೆಜ್ಜೆಯಲ್ಲಿಯೇ ತಿಳಿಯುತ್ತದೆ.

ರಿವರ್ಸಿಗೆ ನಾನು ನಾಲ್ಕು ಗೊಬ್ಬರದ ಖಾಲಿ ಚೀಲಗಳಿಗೆ ಹೊಟ್ಟು ತುಂಬಿ ಮೂಲೆಗಳಲ್ಲಿ ಇಡುತ್ತೇನೆ. ಅವುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಕೊನೆಯ ಚೀಲದಿಂದ ಒಂದು ಮೊಳ ಬಿಟ್ಟು ನಿಲ್ಲಿಸಲು ಬಂದರೆ ಮಿಲ್ಲಿನ ಕಟ್ಟೆಗೆ ಗಾಡಿ ಹಚ್ಚಲು ಬಂದಂತೆಯೇ. ಮೊದಲು ಖಾಲಿ ಬಾಡಿಯ ಮೂಲಕ ಹಿಂದಿನ ಗಾಜಿನಿಂದ ನೋಡಿ ಮಾಡಲಿ. ಆಮೇಲೆ ಹಿಂದಿನ ಗಾಜಿಗೆ ಒಂದು ಗೋಣಿತಟ್ಟನ್ನು ಅಡ್ಡ ಕಟ್ಟಿ, ಎರಡು ಪಕ್ಕದ ಕನ್ನಡಿಗಳಲ್ಲಿಯೇ ಮಾಡಿಸಬೇಕು. ಚೀಲ ಹೇರಿ ತಾಡಪತ್ರಿ ಕಟ್ಟಿದ ಮೇಲೆ ಹಿಂದಿನ ಗಾಜು ಇದ್ದೂ ಇಲ್ಲದಂತೆ.

ಕನ್ನಡಿಗಳಿಗೂ ಕಾಣದ ಜಾಗ ಗಾಡಿಯ ಬೆನ್ನ ಹಿಂದೆ ಇದೆ. ಕುಕ್ಕರುಗಾಲಿನಲ್ಲಿ ಕುಳಿತ ದೊಡ್ಡ ಮನುಷ್ಯನೂ ಅಲ್ಲಿ ಕಾಣುವುದಿಲ್ಲ. ಹುಡುಗನನ್ನು ಚಾಲಕನ ಆಸನದಲ್ಲಿ ಕೂರಿಸಿ, ಎಂಜಿನ್ ಆರಿಸಿ, ಕೀಲಿಯನ್ನು ನೀವೇ ಜೇಬಿಗೆ ಹಾಕಿಕೊಂಡು ಗಾಡಿಯ ಹಿಂದೆ ಕುಳಿತುಕೊಳ್ಳಿರಿ. ಕಾಣುತ್ತೀರೇ ಎಂದು ಅವನನ್ನೇ ಕೇಳಿರಿ. ಅಂಗಳದಲ್ಲಿ ಮಕ್ಕಳಿರುವ ಮನೆಗಳಲ್ಲಿ ರಿವರ್ಸ್ ತೆಗೆಯುವ ಮೊದಲು ಇಳಿದು ನೋಡಬೇಕು, ಇಲ್ಲವೇ ದೊಡ್ಡವರೊಬ್ಬರು ಹಿಂದೆ ನಿಂತು ಹೇಳಬೇಕು. ಹೇಳುವವರು ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು. ಅವರು ಕನ್ನಡಿಯಿಂದ ಮರೆಯಾದ ಕೂಡಲೇ ಗಾಡಿ ನಿಲ್ಲಬೇಕು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಖಾಲಿ ಗಾಡಿಯ ಗುಣ

ರಸ್ತೆಗೆ ಬಂದ ಮೇಲೆ ಖಾಲಿ ಪಿಕಪ್ ಬಹಳ ಚುರುಕು. ಒಂದೂವರೆ ಟನ್ ಎಳೆಯಲು ಮಾಡಿದ ಎಂಜಿನ್ನಿಗೆ ಏನೂ ಹೇರಿಲ್ಲದಾಗ ಓಡುವುದು ಲೀಲೆ. ಹುಡುಗರಿಗೆ ಇದೇ ಖುಷಿ, ಇದೇ ಅಪಾಯ. ಈ ಗಾಡಿಗಳ ಎಂಜಿನ್ ಮುಂದೆ ಇದ್ದು ಬಲ ಹೋಗುವುದು ಹಿಂದಿನ ಗಾಲಿಗಳಿಗೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಹೇರು ಹೊರಲೆಂದು ಗಡುಸಾಗಿ ಇರುತ್ತವೆ. ಹೇರು ಇಲ್ಲದಾಗ ಅವು ಬಾಗುವುದಿಲ್ಲ. ಊರಮುಂದಿನ ಬಣ್ಣವಿಲ್ಲದ ಉಬ್ಬುಗಳ ಮೇಲೆ ಹಿಂಭಾಗ ನೆಗೆಯುತ್ತದೆ, ನೆಗೆದ ಆ ಕ್ಷಣ ಹಿಂದಿನ ಗಾಲಿಗಳಿಗೆ ನೆಲದ ಹಿಡಿತ ಇರುವುದಿಲ್ಲ. ಆ ಹೊತ್ತಿನಲ್ಲಿ ಬ್ರೇಕ್ ಒತ್ತಿದರೆ ಅಥವಾ ಸ್ಟೇರಿಂಗ್ ತಿರುಗಿಸಿದರೆ ಗಾಡಿಯ ಬಾಲ ಪಕ್ಕಕ್ಕೆ ಜಾರುತ್ತದೆ.

ತಮ್ಮನಿಗೆ ಕಲಿಸುವಾಗ ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ, ಉಪಕಾಲುವೆಯ ಪಕ್ಕದ ರಸ್ತೆಯಲ್ಲಿ, ಟ್ರ್ಯಾಕ್ಟರಿನ ಗಾಲಿಗಳು ಹೊಲದಿಂದ ತಂದು ಬಿಟ್ಟ ಎರೆಮಣ್ಣಿನ ಮೇಲೆ ಅವನು ತಿರುವಿಗೆ ಬಂದ. ವೇಗ ಐವತ್ತರ ಒಳಗೇ ಇತ್ತು. ಎದುರಿಗೆ ಬೈಕೊಂದು ಬಂದಾಗ ಬ್ರೇಕ್ ಒತ್ತಿದ. ಹಿಂದಿನ ಗಾಲಿಗಳು ಸಿಕ್ಕಿಕೊಂಡವು, ಗಾಡಿ ಅಡ್ಡ ತಿರುಗಿ ಮುಂದಿನ ಗಾಲಿ ದಂಡೆಯ ಹುಲ್ಲಿನ ಮೇಲೆ ನಿಂತಿತು. ಕಾಲುವೆಯಲ್ಲಿ ಇನ್ನೂ ನೀರು ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನನ್ನ ಕೈ ಹ್ಯಾಂಡ್ ಬ್ರೇಕಿನ ಹತ್ತಿರವೂ ಇರಲಿಲ್ಲ. ತಪ್ಪು ಅವನದಲ್ಲ, ನನ್ನದು. ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಗಾಲಿ ಸಿಕ್ಕಿಕೊಳ್ಳದಂತೆ ತಡೆಯುವ ಏರ್ಪಾಡು, ಇಲ್ಲದ ಹಳೆಯ ಗಾಡಿಯಲ್ಲಿ ಬ್ರೇಕನ್ನು ಒಮ್ಮೆಲೇ ತುಳಿಯಬಾರದು, ತಿರುವಿನ ಮೊದಲೇ ನೇರ ದಾರಿಯಲ್ಲಿ ವೇಗ ಇಳಿಸಿಕೊಳ್ಳಬೇಕು, ಮಣ್ಣು ಕಂಡ ಕಡೆ ಮೂವತ್ತಕ್ಕೆ ಇಳಿಯಬೇಕು ಎಂದು ನಾನು ಹೇಳಬೇಕಿತ್ತು. ಬಾಲ ಜಾರಿದರೆ ಬ್ರೇಕಿನಿಂದಲೂ ಎಕ್ಸಲರೇಟರಿನಿಂದಲೂ ಕಾಲು ತೆಗೆದು, ಬಾಲ ಯಾವ ಕಡೆಗೆ ಹೋಗುತ್ತಿದೆಯೋ ಅದೇ ಕಡೆಗೆ ಸ್ಟೇರಿಂಗನ್ನು ಹದವಾಗಿ ತಿರುಗಿಸಬೇಕು. ಅಳಿಯನಿಗೆ ಇದನ್ನು ನೀರು ಹಾಯಿಸಿ ಒದ್ದೆ ಮಾಡಿದ ಗಟ್ಟಿ ಕಣದಲ್ಲಿ, ಇಪ್ಪತ್ತರ ವೇಗದಲ್ಲಿ, ಸುತ್ತ ಏನೂ ಇಲ್ಲದೆಡೆ ಮಾಡಿಸಿ ತೋರಿಸಿದೆ.

ಮಳೆಯಷ್ಟೇ ಜಾರುವುದು ರಸ್ತೆಯ ಮೇಲೆ ಹರಡಿದ ಧಾನ್ಯ. ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಒಂದು ಮಗ್ಗುಲು ಕಣವಾಗುತ್ತದೆ. ಭತ್ತ, ಸಜ್ಜೆ, ಸೂರ್ಯಕಾಂತಿ ಒಣಗುತ್ತಿರುತ್ತವೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಹತ್ತಿದ ಗಾಲಿ ಗೋಲಿಗಳ ಮೇಲೆ ಹತ್ತಿದಂತೆ. ರಾತ್ರಿ ಆ ಕಲ್ಲುಗಳು ಕಾಣುವುದಿಲ್ಲ. ರೈತರ ಕಷ್ಟ ನನಗೆ ಗೊತ್ತು, ನಾನೂ ಒಣಹಾಕಿದ್ದೇನೆ. ಆದರೆ ಕಣ ಮುಗಿದ ಮೇಲೆ ಕಲ್ಲುಗಳನ್ನು ತೆಗೆಯದೆ ಹೋಗುವುದನ್ನು ಒಪ್ಪಲಾರೆ.

ಹೇರು ಹೆಚ್ಚುತ್ತ ಹೋಗುವ ಕ್ರಮ

ಲೈಸೆನ್ಸ್ ಬಂದ ಮೇಲೆ ನಾನು ಅಳಿಯನಿಗೆ ಐದು ಚೀಲದಿಂದ ಶುರು ಮಾಡಿದೆ. ಒಂದು ವಾರ ಐದು, ಆಮೇಲೆ ಹತ್ತು, ಆಮೇಲೆ ಹದಿನೈದು, ಕೊನೆಗೆ ಇಪ್ಪತ್ತು. ಪ್ರತಿ ಹಂತದಲ್ಲಿಯೂ ಊರ ಹೊರಗಿನ ನೇರವಾದ, ಖಾಲಿ ರಸ್ತೆಯಲ್ಲಿ ಒಂದೇ ಪರೀಕ್ಷೆ: ನಲವತ್ತರ ವೇಗದಲ್ಲಿ ಬೇವಿನ ಮರದ ಹತ್ತಿರ ಬಂದಾಗ ಬ್ರೇಕ್ ಒತ್ತಬೇಕು, ಗಾಡಿ ನಿಂತ ಜಾಗದಲ್ಲಿ ನಾನು ಸುಣ್ಣದ ಗೆರೆ ಎಳೆಯುತ್ತಿದ್ದೆ. ಗೆರೆಗಳು ಒಂದರ ಮುಂದೆ ಒಂದು ಬಿದ್ದವು. ಇಪ್ಪತ್ತು ಚೀಲದ ದಿನ ಗಾಡಿ ಹಿಂದಿನ ಗೆರೆಗಳನ್ನೆಲ್ಲ ದಾಟಿ ಹೋದಾಗ ಅವನು ಗಾಬರಿಯಿಂದ, "ಮಾಮಾ, ಬ್ರೇಕ್ ಹಿಡೀವಲ್ದು" ಎಂದ. "ಹಿಡದೈತೋ ತಮ್ಮಾ, ತೂಕ ನೂಕಾಕತ್ತೈತಿ" ಎಂದೆ. ಆಮೇಲೆ ಇಬ್ಬರೂ ಇಳಿದು ಗೆರೆಗಳ ನಡುವೆ ನಡೆದೆವು.

ಇದರ ಲೆಕ್ಕ ಸರಳ. ಅರವತ್ತರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಕಂಡು, ಕಾಲು ಬ್ರೇಕಿಗೆ ಬರುವಷ್ಟರಲ್ಲಿಯೇ ಆ ದೂರ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಹೇರಿನ ಗಾಡಿಯಲ್ಲಿ ಬ್ರೇಕು ಕಾಯುವುದರಿಂದ ಪದೇ ಪದೇ ಒತ್ತಿದರೆ ಹಿಡಿತ ಇನ್ನೂ ಸಡಿಲಾಗುತ್ತದೆ. ಆದ್ದರಿಂದ ಮುಂದಿನ ಗಾಡಿ ಒಂದು ಮರವನ್ನು ದಾಟಿದ ಕೂಡಲೇ ಎಣಿಸಲು ಶುರು ಮಾಡಿ, ನಮ್ಮ ಗಾಡಿ ಅದೇ ಮರವನ್ನು ದಾಟುವಷ್ಟರಲ್ಲಿ ಖಾಲಿ ಇದ್ದರೆ ಮೂರು ಸೆಕೆಂಡು, ಹೇರು ಇದ್ದರೆ ಐದು ಸೆಕೆಂಡು ಆಗಿರುವಂತೆ ಅಂತರ ಇಟ್ಟುಕೊಳ್ಳಬೇಕು. ಸಂಡೂರಿನ ಕಡೆಯ ಇಳಿಜಾರುಗಳಲ್ಲಿ ನ್ಯೂಟ್ರಲ್ಲಿಗೆ ಹಾಕಿ ಡೀಸೆಲ್ ಉಳಿಸುವ ಚಾಳಿಯನ್ನು ಯಾರೂ ಕಲಿಯಬಾರದು. ಏರುವಾಗ ಯಾವ ಗೇರು ಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯಬೇಕು. ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕು ತಣ್ಣಗಿರುತ್ತದೆ.

ಹೇರುವ ಬಗೆಯನ್ನೂ ಚಾಲಕ ಕಲಿಯಬೇಕು, ಹಮಾಲರ ಮೇಲೆ ಬಿಡುವ ಕೆಲಸವಲ್ಲ ಇದು. ಭಾರ ಹಿಂಬದಿಯ ಹಲಗೆಯ ಕಡೆಗೆ ಬಿದ್ದರೆ ಮುಂದಿನ ಗಾಲಿಗಳು ಹಗುರವಾಗಿ ಸ್ಟೇರಿಂಗ್ ಕೇಳುವುದಿಲ್ಲ. ಚೀಲಗಳನ್ನು ಕ್ಯಾಬಿನ್ನಿಗೆ ಹತ್ತಿಸಿ, ಒಂದೇ ಮಟ್ಟದಲ್ಲಿ, ಎರಡು ಮಗ್ಗುಲಿಗೂ ಸಮನಾಗಿ ಹೇರಿಸಬೇಕು. ಹುಲ್ಲು, ಹತ್ತಿಯ ಅಂಡಿಗೆಗಳಂಥ ಹಗುರವಾದರೂ ಎತ್ತರದ ಹೇರು ಬೇರೆ ಬಗೆಯ ಪಾಠ; ಅದರಲ್ಲಿ ತಿರುವು ಮತ್ತು ಅಡ್ಡಗಾಳಿ ಗಾಡಿಯನ್ನು ವಾಲಿಸುತ್ತವೆ, ರಸ್ತೆಗೆ ಜೋತುಬಿದ್ದ ತಂತಿಗಳನ್ನೂ ನೋಡಿಕೊಳ್ಳಬೇಕು. ಹೊರಟು ಎರಡು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಎಳೆದು ನೋಡಬೇಕು; ಹೇರು ಕುಳಿತುಕೊಂಡು ಹಗ್ಗ ಸಡಿಲಾಗುವುದು ಅಷ್ಟರಲ್ಲಿಯೇ.

ಎಷ್ಟು ಹೇರಬಹುದೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಆರ್‌ಸಿಯಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕ ಬರೆದಿರುತ್ತದೆ, ಒಂದರಿಂದ ಒಂದನ್ನು ಕಳೆದರೆ ಉತ್ತರ ಸಿಗುತ್ತದೆ. ಕಳೆಯುವಾಗ ಒಳಗೆ ಕುಳಿತವರ ತೂಕವನ್ನೂ ಮರೆಯಬಾರದು. ಇನ್ನೂ ಐದು ಚೀಲ ಹಾಕು, ಗಾಡಿ ತಡೆಯುತ್ತದೆ ಎಂಬ ಮಾತು ಪ್ರತಿ ಕಣದಲ್ಲಿಯೂ ಕೇಳಿಬರುತ್ತದೆ. ಮಿತಿ ಮೀರಿದ ಹೇರಿಗೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ದಂಡಕ್ಕಿಂತ ನನಗೆ ಹೆಚ್ಚು ಹೆದರಿಕೆ ಟೈರಿನದು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ಗಾಳಿ ಕಡಿಮೆ ಇದ್ದ ಟೈರು ಅತಿಯಾದ ಹೇರು ಹೊತ್ತು ಓಡಿದರೆ ಅದರ ಗೋಡೆ ಮಡಚಿ ಮಡಚಿ ಕಾದು ಒಡೆಯುತ್ತದೆ. ಖಾಲಿಗೆ ಎಷ್ಟು ಗಾಳಿ, ಹೇರಿಗೆ ಎಷ್ಟು ಗಾಳಿ ಎಂಬುದನ್ನು ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆಯಿಸಬೇಕು. ಕಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿತೆಂದು ಗಾಳಿ ಬಿಡುವುದು ತಪ್ಪು.

ಹೇರು ಬಿದ್ದಾಗ ಗಾಡಿಯ ಹಿಂಭಾಗ ಕುಸಿದು ಮುಖ ಎತ್ತುತ್ತದೆ, ಅದರೊಂದಿಗೆ ದೀಪವೂ ಎತ್ತುತ್ತದೆ. ಹಗಲಿನಲ್ಲಿ ಇದು ತಿಳಿಯುವುದಿಲ್ಲ. ರಾತ್ರಿ ಎದುರಿನವರ ಕಣ್ಣಿಗೆ ಡಿಪ್ಪಿನಲ್ಲಿದ್ದರೂ ಬೆಳಕು ರಾಚುತ್ತದೆ, ನಮ್ಮ ಮುಂದಿನ ರಸ್ತೆ ಕತ್ತಲಾಗುತ್ತದೆ. ದೀಪದ ಮಟ್ಟ ಇಳಿಸುವ ಗುಂಡಿ ಹಲವು ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಇರುತ್ತದೆ. ಅದನ್ನು ವರ್ಷಗಟ್ಟಲೆ ಓಡಿಸಿದವರೂ ಮುಟ್ಟಿರುವುದಿಲ್ಲ.

ಹಿಂದೆ ಜನರನ್ನು ಕೂರಿಸುವ ವಿಷಯ

ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ನಾಟಿಗೆ ಹೋಗುವ ಹೆಣ್ಣುಮಕ್ಕಳನ್ನು, ಮದುವೆಯ ದಿಬ್ಬಣವನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿಕೊಂಡು ಹೋಗುವುದನ್ನು ನೋಡಿ ನೋಡಿ ನಮಗೆ ಅದು ಸಹಜವಾಗಿಬಿಟ್ಟಿದೆ. ಹೊಸದಾಗಿ ಕಲಿತ ಹುಡುಗನಿಗೆ ಇದನ್ನು ಒತ್ತಿ ಹೇಳಬೇಕು: ಚೀಲ ಒಂದೇ ಕಡೆ ಕೂರುತ್ತದೆ, ಜನರು ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುತ್ತಾರೆ. ನಿಂತವರ ಭಾರ ಎತ್ತರದಲ್ಲಿರುತ್ತದೆ, ಹಿಡಿದುಕೊಳ್ಳಲು ಕಂಬಿ ಬಿಟ್ಟರೆ ಬೇರೇನಿಲ್ಲ. ಗಾಡಿ ಮಗುಚಿದರೆ ಅವರೆಲ್ಲ ಹೊರಗೆ ಎಸೆಯಲ್ಪಡುತ್ತಾರೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಷ್ಟು ಹಿಂದೆಯೇ ಹೇಳಿದೆ. ಅಷ್ಟು ಮನೆಗಳ ಕಣ್ಣೀರಿಗೆ ಉತ್ತರ ಕೊಡಬೇಕಾದವರು ಚಾಲಕ ಮತ್ತು ಮಾಲೀಕರೇ. ಓಣಿಯ ಅವ್ವಂದಿರು, ಚಿಗವ್ವಂದಿರು ಕೈ ಅಡ್ಡ ಹಾಕಿದಾಗ ಇಲ್ಲವೆನ್ನುವುದು ಹುಡುಗನಿಗೆ ಕಷ್ಟ. ಆ ಮಾತನ್ನು ಅವನ ಬಾಯಿಂದ ಆಡಿಸದೆ, ಮನೆಯ ಹಿರಿಯರು ಮೊದಲೇ ಓಣಿಯಲ್ಲಿ ಹೇಳಿಟ್ಟಿರಬೇಕು. ನಾವು ಹೇಳಿಟ್ಟಿದ್ದೇವೆ; ನಾಟಿಯ ದಿನಗಳಲ್ಲಿ ಆಳುಗಳಿಗಾಗಿ ಆಟೋ ಬಾಡಿಗೆ ಕೊಡುತ್ತೇವೆ.

ಕಾಲುವೆಯ ದಂಡೆ ಮತ್ತು ರಾತ್ರಿ

ತುಂಗಭದ್ರಾ ಎಡದಂಡೆ ಕಾಲುವೆಯ ಮತ್ತು ಅದರ ಉಪಕಾಲುವೆಗಳ ದಂಡೆಯ ರಸ್ತೆಗಳಿಲ್ಲದೆ ನಮ್ಮ ಹೊಲಗಳಿಗೆ ದಾರಿಯಿಲ್ಲ. ಬಹಳಷ್ಟು ಕಡೆ ತಡೆಗೋಡೆ ಇಲ್ಲ. ನೀರು ಜಿನುಗಿದ ದಂಡೆಯ ಅಂಚು ಮೇಲೆ ಹುಲ್ಲು ಹಸಿರಾಗಿದ್ದರೂ ಒಳಗೆ ಟೊಳ್ಳಾಗಿರುತ್ತದೆ. ಹೇರು ಹೊತ್ತ ಗಾಲಿಯನ್ನು ಅದು ತಾಳುವುದಿಲ್ಲ. ಎದುರಿಗೆ ಗಾಡಿ ಬಂದರೆ ಅಂಚಿಗೆ ಸರಿಯದೆ ನಿಲ್ಲಬೇಕು, ಅಗಲವಾದ ಜಾಗ ಯಾರಿಗೆ ಹತ್ತಿರವೋ ಅವರು ಹಿಂದಕ್ಕೆ ಹೋಗಬೇಕು. ಹೊಲದಲ್ಲಿ ಕಲಿತ ರಿವರ್ಸ್ ಇಲ್ಲಿ ಬೇಕಾಗುತ್ತದೆ. ಕಾಲುವೆ ತುಂಬಿ ಹರಿಯುವ ತಿಂಗಳುಗಳಲ್ಲಿ ದಂಡೆಯ ಮೇಲೆ ಹೋಗುವಾಗ ಕಿಟಕಿಯ ಗಾಜುಗಳನ್ನು ಇಳಿಸಿಕೊಂಡಿರಿ. ಗಾಡಿ ನೀರಿಗೆ ಬಿದ್ದರೆ ಬಾಗಿಲು ತೆರೆಯಲು ಹೆಣಗುತ್ತ ಸಮಯ ಕಳೆಯಬಾರದು. ಬೆಲ್ಟ್ ಬಿಚ್ಚಿ ಆ ಕೂಡಲೇ ಕಿಟಕಿಯಿಂದ ಹೊರಬರಬೇಕು. ಇದನ್ನು ಪಕ್ಕದಲ್ಲಿ ಕೂರುವವರಿಗೂ ಹೇಳಿರಬೇಕು.

ರಾತ್ರಿಯ ಓಡಾಟವನ್ನು ಕಡೆಗೆ ಕಲಿಸಿರಿ. ಸಿಂಧನೂರು, ಸಿರುಗುಪ್ಪ, ಬಳ್ಳಾರಿಯ ನಡುವಿನ ಹೆದ್ದಾರಿಯಲ್ಲಿ ಸುಗ್ಗಿಯ ಕಾಲಕ್ಕೆ ಹಿಂದೆ ದೀಪವೂ ರಿಫ್ಲೆಕ್ಟರೂ ಇಲ್ಲದ ಹುಲ್ಲಿನ ಟ್ರ್ಯಾಕ್ಟರುಗಳು, ರಸ್ತೆಯ ಅರ್ಧ ಅಗಲ ತುಂಬುವ ಕಟಾವು ಯಂತ್ರಗಳು ಸಿಗುತ್ತವೆ. ಯುಗಾದಿಯ ಮುಂಚಿನ ದಿನಗಳಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರು ಬಿಸಿಲು ತಪ್ಪಿಸಲು ಇರುಳಿನಲ್ಲಿಯೇ ನಡೆಯುತ್ತಾರೆ. ದೀಪ ತೋರಿಸುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ರಾತ್ರಿಯ ವೇಗ. ಹೇರು ಇದ್ದರೆ ಅದು ಇನ್ನೂ ಕಡಿಮೆ. ಎದುರಿನ ಬೆಳಕು ಕಣ್ಣು ಕುಕ್ಕಿದಾಗ ರಸ್ತೆಯ ಎಡದ ಅಂಚನ್ನು ನೋಡುತ್ತ, ಆಗಲೇ ವೇಗ ಇಳಿಸಬೇಕು.

ಒಬ್ಬನೇ ಹೋಗಲು ಬಿಡುವ ಮೊದಲು ನಾನು ಅಳಿಯನ ಜೊತೆ ಇಪ್ಪತ್ತು ಚೀಲ ಹೇರಿಕೊಂಡು ಕಾರಟಗಿಯ ಮಿಲ್ಲಿಗೆ ಹೋಗಿ ಬಂದೆ. ಕಾಟಾದ ಮೇಲೆ ಗಾಡಿಯನ್ನು ನೇರವಾಗಿ ಹತ್ತಿಸಿದ, ಚೀಟಿಯ ತೂಕವನ್ನು ಆರ್‌ಸಿಯ ತೂಕಕ್ಕೆ ತಾಳೆ ನೋಡಿದ, ಕಟ್ಟೆಗೆ ಗಾಡಿ ಹಚ್ಚುವ ಮೊದಲು ಇಳಿದು ಹಿಂದೆ ನೋಡಿ ಬಂದ. ಅದೆಲ್ಲ ನಾನು ಹೇಳಿಕೊಟ್ಟದ್ದೇ. ಮರಳಿ ಬರುವಾಗ ಗಾಡಿ ಖಾಲಿ, ಮೋಡ ಕವಿದು ನಾಲ್ಕು ಹನಿ ಬಿದ್ದಿದ್ದವು. ತಮ್ಮನ ಕೈಯಲ್ಲಿ ಗಾಡಿ ಅಡ್ಡ ತಿರುಗಿದ್ದ ಉಪಕಾಲುವೆಯ ತಿರುವು ಇನ್ನೂ ದೂರದಲ್ಲಿರುವಾಗಲೇ ಅವನು ಕಾಲು ತೆಗೆದ, ಮೂರನೆಯ ಗೇರಿಗೆ ಇಳಿಸಿದ, ಮಣ್ಣು ಬಿದ್ದ ಜಾಗವನ್ನು ಬ್ರೇಕ್ ಮುಟ್ಟದೆ ದಾಟಿದ. ಮನೆಗೆ ಬಂದ ಮೇಲೆ ನಾನು ಕೀಲಿಯನ್ನು ಮೊಳೆಗೆ ತೂಗುಹಾಕದೆ ಅವನ ಕೈಯಲ್ಲಿಯೇ ಬಿಟ್ಟೆ.